ಎತ್ತಿನ ಸೋಮವಾರ, ನೇಕಾರನ ಸೋಮವಾರ

ಇಂಗ್ಲಿಷಿನ ಫ್ರೀಲಾನ್ಸ್ ಎಂಬ ಪದಕ್ಕೆ ಕನ್ನಡ ಪತ್ರಿಕೆಗಳು ಬಹಳ ಕಾಲದಿಂದ ‘ಹವ್ಯಾಸಿ’ ಎಂದು ಬಳಸುತ್ತ ಬಂದಿವೆ. ಹವ್ಯಾಸಿ ಪತ್ರಕರ್ತ, ಹವ್ಯಾಸಿ ಛಾಯಾಗ್ರಾಹಕ. ಅಂಚೆಚೀಟಿ ಸಂಗ್ರಹಿಸುವವರ ಜೊತೆ ನಮ್ಮನ್ನೂ ಕೂರಿಸಿದ ಈ ಅನುವಾದದ ಬಗ್ಗೆ ನನಗೆ ವೃತ್ತಿಸಹಜವಾದ ತಕರಾರಿದೆ. ನಾನು ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ಅನುವಾದ ಮಾಡಿ ಬದುಕುವ ಪ್ರಾಣಿ. ಔಷಧದ ಜೊತೆ ಬರುವ ಮಡಿಕೆ ಕಾಗದ, ವಿಮಾ ಕಂಪನಿಯ ಷರತ್ತು, ಮಕ್ಕಳ ಪಠ್ಯ, ಒಮ್ಮೊಮ್ಮೆ ಒಳ್ಳೆಯ ಪುಸ್ತಕ. ಇದರಲ್ಲಿ ಹವ್ಯಾಸ ಯಾವುದೂ ಇಲ್ಲ. ಇಂಗ್ಲಿಷಿನ ಮೂಲ ಪದವೇ ಹೆಚ್ಚು ಪ್ರಾಮಾಣಿಕ. ವಾಲ್ಟರ್ ಸ್ಕಾಟ್ ತನ್ನ ‘ಐವನ್‌ಹೋ’ ಕಾದಂಬರಿಯಲ್ಲಿ ಬಳಸಿ ಜನಪ್ರಿಯಗೊಳಿಸಿದ ಆ ಪದಕ್ಕೆ, ಯಾವ ದೊರೆಗೂ ಕಾಯಂ ಆಳಾಗದೆ ಹಣ ಕೊಟ್ಟವರ ಪರ ಭರ್ಜಿ ಹಿಡಿಯುವ ಬಾಡಿಗೆ ಸೈನಿಕ ಎಂದರ್ಥ. ಅವನ ಭರ್ಜಿ ಸ್ವತಂತ್ರ. ಅವನ ಹೊಟ್ಟೆಯ ವಿಷಯ ಬೇರೆ.

ಈ ಕಸುಬಿನಲ್ಲಿ ಎಲ್ಲರೂ ಹೊಗಳುವ ಸ್ವಾತಂತ್ರ್ಯವೆಂದರೆ ಬೇಕಾದಾಗ ರಜೆ ಹಾಕಬಹುದು ಎನ್ನುವುದು. ನಿಜ, ಹಾಕಬಹುದು. ಆದರೂ ನನ್ನ ಪರಿಚಯದ ಅನುವಾದಕರು, ಪುಟವಿನ್ಯಾಸಕರು, ಕರಡು ತಿದ್ದುವವರಲ್ಲಿ ರಜೆಯನ್ನು ಅತಿ ಕಡಿಮೆ ತೆಗೆದುಕೊಳ್ಳುವವರು ನಾವೇ. ಹಬ್ಬದ ಹಿಂದಿನ ರಾತ್ರಿ ಹತ್ತಕ್ಕೆ ಬಂದ ಫೈಲಿಗೆ ಬೇಡ ಎನ್ನಲು ನಾಲಿಗೆ ಹೊರಳುವುದಿಲ್ಲ. ಬೇಡ ಎಂದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ, ಮುಂದಿನದೂ ಅವರಿಗೇ ಹೋಗುತ್ತದೆ. ಯಾರೂ ತಡೆಯದ ರಜೆಯನ್ನು ನಾವೇಕೆ ತೆಗೆದುಕೊಳ್ಳಲಾರೆವು ಎಂಬ ಪ್ರಶ್ನೆ ಹಿಡಿದು ಇತಿಹಾಸದ ಪುಸ್ತಕಗಳಿಗೆ ಹೋದೆ. ಅಲ್ಲಿ ಸಿಕ್ಕಿದ್ದು ಒಬ್ಬ ವಿಚಿತ್ರ ಸಂತ.

ಅವನ ಹೆಸರು ಸೇಂಟ್ ಮಂಡೇ, ಸಂತ ಸೋಮವಾರ. ಯಾವ ಚರ್ಚಿನ ಪಟ್ಟಿಯಲ್ಲೂ ಇಲ್ಲದ ಈ ಸಂತನನ್ನು ಹದಿನೇಳು, ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಕುಶಲಕರ್ಮಿಗಳು ಬಹಳ ನಿಷ್ಠೆಯಿಂದ ಆಚರಿಸಿದರು. ಚಮ್ಮಾರರು, ನೇಕಾರರು, ದರ್ಜಿಗಳು, ಅಚ್ಚು ಜೋಡಿಸುವವರು, ಶೆಫೀಲ್ಡಿನ ಚಾಕು ಕತ್ತರಿ ಮಾಡುವವರು: ಇವರಿಗೆಲ್ಲ ಭಾನುವಾರವಂತೂ ದೇವರ ದಿನ, ಸೋಮವಾರ ತಮ್ಮ ದಿನ. ಫ್ರಾನ್ಸಿನಲ್ಲಿ ಇವನೇ ಸೇಂಟ್ ಲಂಡಿ, ಜರ್ಮನಿಯಲ್ಲಿ ನೀಲಿ ಸೋಮವಾರ. ಆ ದಿನ ಹೆಂಡದಂಗಡಿ, ಕೋಳಿ ಅಂಕ, ಸಂತೆ, ಹರಟೆ. ಕೆಲಸ ಮಾತ್ರ ಇಲ್ಲ.

ಇದು ಸೋಮಾರಿಗಳ ಕಥೆ ಎಂದುಕೊಂಡರೆ ತಪ್ಪಾದೀತು. ಇ.ಪಿ. ಥಾಂಪ್ಸನ್ ಎಂಬ ಇತಿಹಾಸಕಾರ 1967ರಲ್ಲಿ ಕಾಲ ಮತ್ತು ಕೆಲಸದ ಶಿಸ್ತಿನ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಈ ಸೋಮವಾರದ ಹಿಂದಿನ ವ್ಯವಸ್ಥೆಯನ್ನು ಬಿಡಿಸಿಟ್ಟಿದ್ದಾನೆ. ಆ ನೇಕಾರನಿಗೆ ಮನೆಯಲ್ಲೇ ಮಗ್ಗ. ವ್ಯಾಪಾರಿ ನೂಲು ಕೊಡುತ್ತಾನೆ, ಇವನು ಬಟ್ಟೆ ನೇಯ್ದು ಒಪ್ಪಿಸುತ್ತಾನೆ, ಕೂಲಿ ಬಟ್ಟೆಯ ಅಳತೆಗೆ. ಎಷ್ಟು ಗಂಟೆಗೆ ಎದ್ದೆ, ಯಾವಾಗ ಕೂತೆ ಎಂದು ಯಾರೂ ಕೇಳುವುದಿಲ್ಲ. ವಾರದ ಮೊದಲಿಗೆ ಮಗ್ಗ ನಿಧಾನ, ಇನ್ನೂ ಬೇಕಾದಷ್ಟು ಹೊತ್ತಿದೆ ಎನ್ನುವ ಲಯ. ಗುರುವಾರ ಬಂದಂತೆ ಸದ್ದು ಜೋರು, ಶುಕ್ರವಾರ ರಾತ್ರಿ ದೀಪ ಹಚ್ಚಿ ನೇಯುವುದು. ನಮ್ಮ ಕಸುಬಿನವರು ಇದನ್ನು ಓದಿದರೆ ತಮ್ಮದೇ ಜಾತಕ ಓದಿದಂತಾಗುತ್ತದೆ. ಡೆಡ್‌ಲೈನ್ ಎಂಬ ಪದ ಬರುವ ಮೊದಲೇ ಅದರ ನಡಿಗೆ ಇತ್ತು.

ಥಾಂಪ್ಸನ್ ಉದಾಹರಿಸುವ ದಿನಚರಿಯೊಂದು ನನಗೆ ಬಹಳ ಇಷ್ಟ. 1782-83ರಲ್ಲಿ ಬರೆದಿಟ್ಟದ್ದು. ಬರೆದವನು ಒಂದಿಷ್ಟು ಹೊಲವನ್ನೂ ನೋಡಿಕೊಂಡಿದ್ದ ನೇಕಾರ. ಮಳೆ ಹಿಡಿದ ದಿನ ಅವನು ಎಂಟೂವರೆ, ಒಂಬತ್ತು ಗಜ ನೇಯುತ್ತಾನೆ. ಅಕ್ಟೋಬರ್ 14ರಂದು ಸಿದ್ಧವಾದ ಬಟ್ಟೆ ಹೊತ್ತು ಒಪ್ಪಿಸಲು ಹೋದದ್ದರಿಂದ ನೇಯ್ದದ್ದು ನಾಲ್ಕೂ ಮುಕ್ಕಾಲು ಗಜ. ಇನ್ನೊಂದು ದಿನ ಮೂರು ಗಂಟೆಯವರೆಗೆ ಹೊರಗಿನ ಕೆಲಸ, ಹೊತ್ತು ಮುಳುಗುವುದರೊಳಗೆ ಎರಡು ಗಜ ಬಟ್ಟೆ, ಸಂಜೆ ಕೂತು ತನ್ನ ಕೋಟಿಗೆ ತೇಪೆ ಹಾಕಿಕೊಳ್ಳುತ್ತಾನೆ. ಕೆಲಸವೆಲ್ಲಿ ಮುಗಿಯಿತು, ಬದುಕು ಎಲ್ಲಿ ಶುರುವಾಯಿತು ಎಂದು ಈ ದಿನಚರಿಯಲ್ಲಿ ಗೆರೆ ಎಳೆಯಲಾಗದು. ಇವತ್ತು ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ಸಮತೋಲನ ಎನ್ನುತ್ತೇವೆ. ಆತನ ಬಳಿ ತಕ್ಕಡಿಯೇ ಇರಲಿಲ್ಲ.

ಸೋಮವಾರದ ಈ ಭಕ್ತಿಯನ್ನು ಕಂಡರಾಗದವರೂ ಇದ್ದರು. ಅದರಲ್ಲಿ ಒಬ್ಬ ಬೆಂಜಮಿನ್ ಫ್ರಾಂಕ್ಲಿನ್. ಹದಿಹರೆಯ ದಾಟುತ್ತಿದ್ದಾಗ ಲಂಡನ್ನಿನ ಮುದ್ರಣಾಲಯದಲ್ಲಿ ದುಡಿದ ಆತ, ತಾನು ಒಂದು ದಿನವೂ ಸಂತ ಸೋಮವಾರ ಆಚರಿಸಲಿಲ್ಲವೆಂದೂ ಅದರಿಂದ ಯಜಮಾನನಿಗೆ ಅಚ್ಚುಮೆಚ್ಚಾದೆನೆಂದೂ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸಮಯವನ್ನು ಹಣಕ್ಕೆ ಸಮ ಮಾಡಿದ ಮಾತನ್ನು ಮುಂದೆ ಜಗತ್ತಿಗೆ ಕೊಟ್ಟವನೂ ಅವನೇ. ಪಕ್ಕದ ಕೆಲಸಗಾರರು ಅವನನ್ನು ಮನಸ್ಸಿನಲ್ಲಿ ಏನೆಂದುಕೊಂಡಿರಬಹುದು ಎಂದು ನನಗೆ ಕುತೂಹಲ. ಎಲ್ಲರೂ ಎದ್ದು ಹೋದ ದಿನ ಒಬ್ಬ ಮಾತ್ರ ಕೂತು ಅಚ್ಚುಮೊಳೆ ಜೋಡಿಸುತ್ತಿದ್ದರೆ, ಅವನು ಯಜಮಾನನಿಗೆ ಕೊಡುತ್ತಿರುವುದು ಬರಿಯ ದುಡಿಮೆಯಲ್ಲ, ಉಳಿದವರ ಮೇಲೊಂದು ದೂರು.

ಈ ಸಂತನ ಶಕ್ತಿ ಇದ್ದದ್ದೇ ಅಲ್ಲಿ, ಎಲ್ಲರೂ ಒಟ್ಟಿಗೆ ಏಳುವುದರಲ್ಲಿ. ಊರಿನ ಮಗ್ಗಗಳೆಲ್ಲ ಸೋಮವಾರ ಸುಮ್ಮನಿದ್ದಾಗ ಯಾವ ನೇಕಾರನಿಗೂ ತನ್ನ ಕೆಲಸ ಪಕ್ಕದವನ ಪಾಲಾಗುವ ಭಯವಿಲ್ಲ. ವ್ಯಾಪಾರಿ ಯಾರ ಬಾಗಿಲು ತಟ್ಟಿದರೂ ಸಿಗುವುದು ಮಂಗಳವಾರವೇ. ಬಿಡಿ ಕೂಲಿಯವರ ರಜೆಗೆ ಕಾಯ್ದೆಯ ಆಸರೆ ಇರಲಿಲ್ಲ, ಸಾಲುಮನೆಗಳ ಆಸರೆ ಇತ್ತು.

ನಮ್ಮಲ್ಲೂ ಇಂಥ ವಾರಗಳಿವೆಯಲ್ಲ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಎಂಥ ಹದ ಬಂದಿರಲಿ, ಬಿತ್ತನೆ ಎಷ್ಟೇ ಅವಸರದಲ್ಲಿರಲಿ, ಆ ದಿನ ಗಳೆ ಹೂಡಿದವನನ್ನು ಊರು ಒಂದು ನಮೂನೆ ನೋಡುತ್ತದೆ. ಕ್ಷೌರದಂಗಡಿಗಳು ಮಂಗಳವಾರ ಮುಚ್ಚಿರುತ್ತವೆ. ಈಗಿನ ಹವಾನಿಯಂತ್ರಿತ ಸಲೂನುಗಳು ಇದನ್ನು ಮುರಿದಿವೆ, ಆದರೆ ಹಳೆಯ ಬೀದಿಗಳಲ್ಲಿ ಇನ್ನೂ ನಡೆಯುತ್ತಿದೆ. ಆಯುಧಪೂಜೆಯ ದಿನ ಉಪಕರಣಗಳಿಗೆ ಕುಂಕುಮ ಹಚ್ಚಿ ಸುಮ್ಮನೆ ಕೂರಿಸುತ್ತೇವೆ. ಇವಕ್ಕೆಲ್ಲ ದೇವರ ಹೆಸರಿದೆ. ದೇವರ ಹೆಸರಿನ ಒಂದು ಅನುಕೂಲವೆಂದರೆ, ಅದನ್ನು ಒಬ್ಬೊಬ್ಬರೇ ಚೌಕಾಸಿ ಮಾಡಿ ಸಡಿಲಿಸಲಾಗದು. ಇಂಗ್ಲೆಂಡಿನವರೂ ತಮ್ಮ ಸೋಮವಾರವನ್ನು ಸುಮ್ಮನೆ ಸಂತನನ್ನಾಗಿ ಮಾಡಲಿಲ್ಲ.

ಎಷ್ಟು ದುಡಿದರೆ ಸಾಕು ಎಂಬ ಪ್ರಶ್ನೆಯೂ ಇದರ ಜೊತೆಗೇ ಹುಟ್ಟುತ್ತದೆ. ಜರ್ಮನಿಯ ಮ್ಯಾಕ್ಸ್ ವೆಬರ್ ಒಂದು ಲೆಕ್ಕ ಕೊಡುತ್ತಾನೆ. ಎಕರೆಗೆ ಒಂದು ಮಾರ್ಕ್‌ನಂತೆ ದಿನಕ್ಕೆ ಎರಡೂವರೆ ಎಕರೆ ಕೊಯ್ದು ಎರಡೂವರೆ ಮಾರ್ಕ್ ಗಳಿಸುವ ಕೂಲಿಯವನಿದ್ದಾನೆ. ಇನ್ನೂ ಹೆಚ್ಚು ಕೊಯ್ಯಲಿ ಎಂದು ಮಾಲೀಕ ದರವನ್ನು ಒಂದೂಕಾಲು ಮಾರ್ಕಿಗೆ ಏರಿಸುತ್ತಾನೆ. ಮೂರು ಎಕರೆ ಕೊಯ್ದರೆ ಮೂರೂ ಮುಕ್ಕಾಲು ಮಾರ್ಕ್ ಸಿಗುತ್ತದೆ. ಅವನು ಎರಡೇ ಎಕರೆ ಕೊಯ್ದು, ಮೊದಲಿನ ಎರಡೂವರೆ ಮಾರ್ಕನ್ನೇ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ವೆಬರ್ ಇದನ್ನು ಬಂಡವಾಳಶಾಹಿಗೆ ಅಡ್ಡ ನಿಂತ ಹಳೆಯ ಮನೋಧರ್ಮ ಎಂದು ವಿವರಿಸಿದ. ಕನ್ನಡದವರಿಗೆ ಇದನ್ನು ಓದುವಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ತಿರುಗಿ ಕಳಿಸಿದ ಕಥೆ ನಮ್ಮ ಶಾಲಾಪುಸ್ತಕಗಳವರೆಗೆ ಬಂದಿದೆ. ನಾವು ಅದನ್ನು ಭಕ್ತಿಯ ಕಥೆಯಾಗಿ, ಅತಿಯಾಸೆಯ ವಿರುದ್ಧದ ಕಥೆಯಾಗಿ ಕೇಳುತ್ತೇವೆ. ಬಿಡಿ ಲೆಕ್ಕದಲ್ಲಿ ದುಡಿಯುವವನ ಮನೆಯೊಳಗೆ ನಡೆದ ಮಾತುಕತೆ ಎಂದು ಕೇಳಿದರೆ ಇನ್ನೊಂದು ವಿಷಯ ಹೊಳೆಯುತ್ತದೆ: ಸಾಕು ಎಂದು ಹೇಳಿದ್ದು ಆಯುತ್ತಿದ್ದವನಲ್ಲ, ಅಡುಗೆ ಮಾಡುವವಳು.

ಹೆಂಗಸರ ಮಾತು ಬಂದದ್ದರಿಂದ ಸಂತ ಸೋಮವಾರದ ಇನ್ನೊಂದು ಮುಖವನ್ನೂ ಹೇಳಬೇಕು, ಹಳೆಯ ಕಾಲವನ್ನು ಸುಮ್ಮನೆ ಹಾಡಿ ಹೊಗಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಶೆಫೀಲ್ಡಿನ ಚಾಕು ಮಾಡುವವರ ಒಂದು ಹಳೆಯ ಹಾಡಿನಲ್ಲಿ ಸೋಮವಾರ ಕುಡಿಯುತ್ತ ಕೂತ ಗಂಡನಿಗೆ ಹೆಂಡತಿ ಸಹಸ್ರನಾಮ ಮಾಡುತ್ತಾಳೆ. ಅವಳ ಸಿಟ್ಟಿಗೆ ಕಾರಣವಿದೆ. ಗಂಡನ ರಜೆಗೆ ಕತ್ತರಿ ಬೀಳುತ್ತಿದ್ದದ್ದು ಅವಳ ಗಂಜಿಯ ದುಡ್ಡಿನಿಂದ. ಶುಕ್ರವಾರ ರಾತ್ರಿ ಗಂಡ ದೀಪ ಹಚ್ಚಿ ನೇಯುವಾಗ ನೂಲು ಸುತ್ತಿ ಕೊಡಲು ಹೆಂಡತಿ ಮಕ್ಕಳೂ ಎದ್ದಿರಬೇಕಿತ್ತು. ಅವಳಿಗೆ ಸೋಮವಾರವೂ ಇಲ್ಲ, ಶುಕ್ರವಾರದ ನಿದ್ದೆಯೂ ಇಲ್ಲ. ಹ್ಯಾಂಪ್‌ಶೈರಿನಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಮೇರಿ ಕೋಲಿಯರ್ 1739ರಲ್ಲಿ ‘ದಿ ವುಮನ್ಸ್ ಲೇಬರ್’ ಎಂಬ ಕಾವ್ಯ ಪ್ರಕಟಿಸಿದಳು. ಒಕ್ಕಲು ಕೆಲಸದ ಕಷ್ಟ ಹಾಡಿ ಹೆಸರಾದ ಸ್ಟೀಫನ್ ಡಕ್ ಎಂಬ ಕೂಲಿಕವಿ ಹೆಂಗಸರನ್ನು ಹೊಲದಲ್ಲಿ ಹರಟುವವರೆಂದು ಗೇಲಿ ಮಾಡಿದ್ದಕ್ಕೆ ಅವಳ ಉತ್ತರ ಅದು. ನಿಮ್ಮ ಕೆಲಸ ಹೊತ್ತು ಮುಳುಗಿದಾಗ ಮುಗಿಯುತ್ತದೆ, ನಮಗೆ ಹೊಲದಿಂದ ಬಂದ ಮೇಲೆ ಎರಡನೆಯ ಕೆಲಸ ಶುರುವಾಗುತ್ತದೆ ಎಂಬುದು ಅದರ ತಾತ್ಪರ್ಯ. ಮನೆಯಿಂದಲೇ ಕೆಲಸ ಮಾಡುವ ಅದೃಷ್ಟವಂತೆ ಎಂದು ನೆಂಟರಿಂದ ಹೊಗಳಿಸಿಕೊಳ್ಳುವ ನನ್ನ ಕೆಲವು ಸಹೋದ್ಯೋಗಿಗಳಿಗೆ ಕೋಲಿಯರಮ್ಮನನ್ನು ಓದಿಸಬೇಕು ಎನಿಸುತ್ತದೆ.

ಸಂತನ ಕೊನೆಗಾಲ ಕಾರ್ಖಾನೆಯೊಂದಿಗೆ ಬಂತು. ಒಂದೇ ಉಗಿಯಂತ್ರಕ್ಕೆ ನೂರಾರು ಮಗ್ಗಗಳನ್ನು ಕಟ್ಟಿದ ಮೇಲೆ ಒಬ್ಬೊಬ್ಬರ ಲಯಕ್ಕೆ ಜಾಗವಿಲ್ಲ. 1850ರ ಕಾಯ್ದೆ ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ಲಿಸಿತು. ಮುಂದಿನ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮಿನಂಥ ಊರುಗಳಲ್ಲೂ ಶನಿವಾರದ ಅರ್ಧ ದಿನ ಕೊಟ್ಟು ಸೋಮವಾರದ ಇಡೀ ದಿನವನ್ನು ಕಿತ್ತುಕೊಳ್ಳುವ ವ್ಯಾಪಾರ ಮೆಲ್ಲಗೆ ಕುದುರಿತು.

ನಮ್ಮ ದೇಶದಲ್ಲಿ ಇದೇ ಹೋರಾಟ ಮುಂಬಯಿಯ ಗಿರಣಿಗಳಲ್ಲಿ ನಡೆಯಿತು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರೂ ‘ದೀನಬಂಧು’ ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆ 1884ರಿಂದಲೇ ವಾರಕ್ಕೊಂದು ರಜೆಗಾಗಿ ಗಿರಣಿ ಕೆಲಸಗಾರರನ್ನು ಒಗ್ಗೂಡಿಸುತ್ತಿದ್ದರು. 1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ನಡೆದ ಸಭೆಗೆ ಸುಮಾರು ಹತ್ತು ಸಾವಿರ ಜನ ಸೇರಿದರು, ಇಬ್ಬರು ಕೆಲಸಗಾರ ಹೆಂಗಸರು ಭಾಷಣ ಮಾಡಿದರು. ಅದೇ ಜೂನ್ 10ರಂದು ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಭಾನುವಾರ ಎಂದರೆ ಕ್ರೈಸ್ತರ ದಿನ, ಬ್ರಿಟಿಷರ ಕೊಡುಗೆ ಎಂದು ಈಗಲೂ ಅನೇಕರು ತಿಳಿದಿದ್ದಾರೆ. ಆದರೆ ಮಹಾರಾಷ್ಟ್ರದ ದುಡಿಯುವ ಜನಕ್ಕೆ ಅದು ಖಂಡೋಬನ ವಾರ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಇಲ್ಲಿಯೂ ದೇವರು ಒಂದು ಕೈ ನೆರವಾದ.

ಲೋಖಂಡೆಯವರ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆಯದು. ಆ ಗಿರಣಿಗಳಲ್ಲಿ ಮಗ್ಗದ ಮೇಲಿನವರಿಗೆ ನೇಯ್ದ ಬಟ್ಟೆಯ ಲೆಕ್ಕದಲ್ಲೇ ಕೂಲಿ ಸಿಗುತ್ತಿತ್ತು. ಅಂದರೆ ನಿಂತ ಯಂತ್ರಕ್ಕೆ ಅವರ ಪಾಲಿಗೆ ಸೊನ್ನೆ. ಹಾಗಿದ್ದೂ ರಜೆ ಕೇಳಿದರು. ದುಡ್ಡು ಕಳೆದುಕೊಂಡಾದರೂ ಸರಿ, ಎಲ್ಲರ ಯಂತ್ರವೂ ಒಂದೇ ದಿನ ನಿಲ್ಲಲಿ ಎಂದರು. ಅವರಲ್ಲಿ ಯಾರಾದರೂ ಒಬ್ಬ ತನ್ನಷ್ಟಕ್ಕೆ ಭಾನುವಾರ ಬರುವುದಿಲ್ಲ ಎಂದಿದ್ದರೆ ಸೋಮವಾರ ಅವನ ಮಗ್ಗದ ಮುಂದೆ ಬದಲಿಯೊಬ್ಬ ನಿಂತಿರುತ್ತಿದ್ದ.

ಕಾರ್ಖಾನೆಗೆ ಬಂದ ಈ ರಜೆ ಮನೆಯೊಳಗೆ ಕೂತು ದುಡಿಯುವವರವರೆಗೆ ನಡೆದು ಬರಲು ಬಹಳ ಕಾಲ ಹಿಡಿಯಿತು. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬೀಡಿ ಸುತ್ತುವ ಹೆಂಗಸರಿದ್ದಾರೆ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ, ಗೆರಸೆ ತೊಡೆಯ ಮೇಲೆ, ಒಂದು ಕಣ್ಣು ಒಲೆಯ ಮೇಲಿನ ಗಂಜಿಯ ಮೇಲೆ. ಮನೆಯಲ್ಲಿ ಸುತ್ತುವವರೂ ಕಾರ್ಮಿಕರೇ ಎಂದು ಕಾನೂನು ಒಪ್ಪಿದ್ದು 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆಯಲ್ಲಿ. ಕರ್ನಾಟಕ 2025ರಲ್ಲಿ ಆ್ಯಪ್ ಆಧರಿತ ಗಿಗ್ ಕೆಲಸಗಾರರಿಗಾಗಿ ಒಂದು ಕಾಯ್ದೆ ತಂದಿದೆ. ಒಳ್ಳೆಯದೇ. ಅದು ಊಟ, ಸಾಮಾನು ತಲುಪಿಸುವವರ ಸಾಮಾಜಿಕ ಭದ್ರತೆಯ ವಿಷಯ. ಫೈಲು ತಲುಪಿಸುವ ನಮ್ಮಂಥವರು ಅದರ ಹೊರಗೇ ಇದ್ದೇವೆ.

ಬರಹಗಾರರ ಕಡೆಗೆ ಬಂದರೆ, ಗುತ್ತಿಗೆ ಮತ್ತು ಮನೆಯ ನಡುವೆ ಸಿಕ್ಕಿಕೊಂಡವರಲ್ಲಿ ನನಗೆ ಯಾವಾಗಲೂ ಕಾಣುವವನು ಸ್ಯಾಮ್ಯುಯೆಲ್ ಜಾನ್ಸನ್. ಇಂಗ್ಲಿಷ್ ನಿಘಂಟಿಗಾಗಿ ಪುಸ್ತಕ ವ್ಯಾಪಾರಿಗಳ ಜೊತೆ 1746ರಲ್ಲಿ ಆತ ಮಾಡಿಕೊಂಡ ಒಪ್ಪಂದದ ಮೊತ್ತ 1,500 ಗಿನಿ. ಸಹಾಯಕರ ಕೂಲಿಯೂ ಅದರಲ್ಲೇ. ಮೂರು ವರ್ಷದಲ್ಲಿ ಮುಗಿಸುವೆನೆಂದ ಕೆಲಸ ಅಚ್ಚಾಗಿ ಬಂದದ್ದು 1755ರಲ್ಲಿ. ನಡುವೆ ಹಣ ಸಾಲದೆ 1750ರಿಂದ ಎರಡು ವರ್ಷ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶನಿವಾರ, ‘ದಿ ರ್‍ಯಾಂಬ್ಲರ್’ ಪತ್ರಿಕೆಗೆ ಪ್ರಬಂಧ ಬರೆದ, ಒಂದಕ್ಕೆ ಎರಡು ಗಿನಿಯಂತೆ. ಒಟ್ಟು 208 ಸಂಚಿಕೆ, ಕೆಲವೇ ಕೆಲವನ್ನು ಬಿಟ್ಟರೆ ಎಲ್ಲವೂ ಅವನದೇ. ಕೊನೆಯ ಸಂಚಿಕೆ ಹೊರಬಂದದ್ದು 1752ರ ಮಾರ್ಚ್ 14ರಂದು. ಅದಾಗಿ ಕೆಲವೇ ದಿನಗಳಲ್ಲಿ ಅವನ ಹೆಂಡತಿ ಟೆಟ್ಟಿ ತೀರಿಕೊಂಡಳು. 1759ರ ಜನವರಿಯಲ್ಲಿ ಲಿಚ್‌ಫೀಲ್ಡಿನಲ್ಲಿದ್ದ ತಾಯಿ ಸತ್ತಾಗ ಅವಳನ್ನು ನೋಡಿ ಇಪ್ಪತ್ತು ವರ್ಷದ ಹತ್ತಿರ ಆಗಿತ್ತು. ತಾಯಿಯ ಉತ್ತರಕ್ರಿಯೆಗೂ ಅವಳ ಸಣ್ಣಪುಟ್ಟ ಸಾಲಕ್ಕೂ ಹಣ ಬೇಕಾಗಿ ಒಂದು ವಾರದ ಸಂಜೆಗಳಲ್ಲಿ ‘ರ್‍ಯಾಸೆಲಸ್’ ಬರೆದ ಎಂದು ಬಾಸ್ವೆಲ್ ದಾಖಲಿಸಿದ್ದಾನೆ. ನೂರು ಪೌಂಡ್ ಸಿಕ್ಕಿತು. ಬದುಕಿನಲ್ಲಿ ಸುಖ ಎಲ್ಲಿದೆ ಎಂದು ಹುಡುಕುತ್ತ ಹೋಗುವ ರಾಜಕುಮಾರನ ಕಥೆ ಅದು.

ಇದನ್ನು ಸಾಹಿತ್ಯಚರಿತ್ರೆಗಳು ಪ್ರತಿಭೆಯ ಪವಾಡ ಎಂಬಂತೆ ಹೇಳುತ್ತವೆ. ನನಗೆ ಅದರಲ್ಲಿ ಕಾಣುವುದು ಶೋಕಕ್ಕೂ ರಜೆ ಸಿಗದ ಒಬ್ಬ ಬಿಡಿ ಕೂಲಿಯವನು. 1762ರಲ್ಲಿ ದೊರೆ ವರ್ಷಕ್ಕೆ 300 ಪೌಂಡ್ ಪಿಂಚಣಿ ಗೊತ್ತು ಮಾಡಿದ ಮೇಲೆ ಜಾನ್ಸನ್ ಬರೆಯುವುದನ್ನು ಬಹಳ ಕಡಿಮೆ ಮಾಡಿದ. ಗೆಳೆಯರೊಂದಿಗೆ ಹೆಂಡದಂಗಡಿಯಲ್ಲಿ ರಾತ್ರಿಯೆಲ್ಲ ಮಾತಾಡಿದ. ಅವನನ್ನು ಸೋಮಾರಿಯಾದ ಎಂದು ಆಡಿಕೊಂಡವರಿದ್ದಾರೆ. ವೆಬರನ ಕೂಲಿಯವನು ಎರಡು ಎಕರೆಗೇ ಕುಡುಗೋಲು ಕೆಳಗಿಟ್ಟಂತೆ ಇವನೂ ಇಟ್ಟ ಎಂದು ನಾನು ಓದಿಕೊಳ್ಳುತ್ತೇನೆ.

ಈ ಓದಿನ ನಡುವೆ ನನ್ನ ಬದುಕಿಗೆ ನೇರವಾಗಿ ಉಪಯೋಗವಾದದ್ದು ಒಂದು ಒಣ ಸಂಖ್ಯೆ: 26. ನಮ್ಮ 1972ರ ಗ್ರಾಚ್ಯುಯಿಟಿ ಕಾಯ್ದೆಯಲ್ಲಿ ಮಾಸಿಕ ಸಂಬಳದವರ ಒಂದು ದಿನದ ಸಂಬಳ ಕಂಡುಹಿಡಿಯಲು ತಿಂಗಳ ಸಂಬಳವನ್ನು ಮೂವತ್ತರಿಂದಲ್ಲ, ಇಪ್ಪತ್ತಾರರಿಂದ ಭಾಗಿಸುತ್ತಿದ್ದರು. ತಿಂಗಳಿನ ನಾಲ್ಕು ರಜೆಯ ದಿನಗಳನ್ನು ಬಿಟ್ಟು ಉಳಿದ ದಿನಗಳಿಂದಲೇ ಇಡೀ ತಿಂಗಳು ಹುಟ್ಟಬೇಕು ಎಂಬ ಲೆಕ್ಕ. ಲೋಖಂಡೆಯವರ ಭಾನುವಾರ ಆ ಛೇದದಲ್ಲಿ ಅಡಗಿ ಕೂತಿದೆ. ನಾವು ಬಿಡಿ ಕೂಲಿಯವರು ದರ ಹೇಳುವಾಗ ಅರಿವಿಲ್ಲದೆ ಮೂವತ್ತರಿಂದ ಭಾಗಿಸುತ್ತೇವೆ. ತಿಂಗಳಿಗೆ 26,000 ರೂಪಾಯಿ ಬೇಕು, ದಿನಕ್ಕೆ ಸಾವಿರ ಪದ ಚೆನ್ನಾಗಿ ಆಗುತ್ತದೆ ಎಂದುಕೊಳ್ಳಿ. ಮೂವತ್ತರಿಂದ ಭಾಗಿಸಿದವರು ಪದಕ್ಕೆ 87 ಪೈಸೆ ಕೇಳುತ್ತಾರೆ, ಇಪ್ಪತ್ತಾರರಿಂದ ಭಾಗಿಸಿದವರು ಒಂದು ರೂಪಾಯಿ. ಆ ಹದಿಮೂರು ಪೈಸೆಯೇ ರಜೆ. ಅದನ್ನು ಕೇಳದವರು ಆಮೇಲೆ ಹಬ್ಬದ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಕೂತರೆ ಅದರಲ್ಲಿ ಮನೋಬಲದ ಪ್ರಶ್ನೆಯೇನಿಲ್ಲ.

ಲೆಕ್ಕ ಸರಿಯಾದರೂ ಒಬ್ಬರೇ ಕೇಳಿದರೆ ಕೆಲಸ ಪಕ್ಕದ ಮನೆಗೆ ಹೋಗುತ್ತದೆ, ಇದನ್ನು ನೇಕಾರರೂ ಗಿರಣಿಯವರೂ ಚೆನ್ನಾಗಿ ಅರಿತಿದ್ದರು. ಹಾಗಾಗಿ ಒಂದೇ ಬಗೆಯ ಕೆಲಸ ಹಿಡಿಯುವ ನಾವು ನಾಲ್ಕು ಜನ ಫೋನಿನಲ್ಲಿ ಮಾತಾಡಿಕೊಂಡು, ಕಳೆದ ವರ್ಷದಿಂದ ಹೊಸ ದರವನ್ನೂ ವಾರಕ್ಕೊಂದು ದಿನವನ್ನೂ ಗೊತ್ತುಮಾಡಿದ್ದೇವೆ. ಭಾನುವಾರ ಆಗಿಬರುವುದಿಲ್ಲ. ಶುಕ್ರವಾರ ಸಂಜೆ ಕೆಲಸ ಕಳಿಸಿ ಸೋಮವಾರ ಬೆಳಿಗ್ಗೆ ಕೇಳುವುದು ಏಜೆನ್ಸಿಗಳ ಅಭ್ಯಾಸ, ಅವರ ವಾರಾಂತ್ಯವನ್ನು ತುಂಬಿಕೊಡುವುದು ನಮ್ಮ ವಾರಾಂತ್ಯ. ಆದ್ದರಿಂದ ಸೋಮವಾರ ಹಿಡಿದೆವು. ಇಮೇಲಿನ ಕೆಳಗೆ ನಾಲ್ವರೂ ಒಂದೇ ಸಾಲು ಹಾಕಿದ್ದೇವೆ: ಸೋಮವಾರ ಫೈಲು ತೆರೆಯುವುದಿಲ್ಲ. ನನಗೆ ಕೆಲಸ ಕೊಡುವ ಒಂದು ಏಜೆನ್ಸಿ ಮರುಮಾತಿಲ್ಲದೆ ಒಪ್ಪಿತು, ಇನ್ನೊಂದು ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಬಂತು, ಮತ್ತೊಂದು ಬರಲೇ ಇಲ್ಲ. ಎರಡನೆಯ ಏಜೆನ್ಸಿಯ ಹುಡುಗಿ ಫೋನ್ ಮಾಡಿ, ಎಲ್ಲರೂ ಬಿಟ್ಟು ಸೋಮವಾರವೇ ಯಾಕೆ ಸಾರ್ ಎಂದು ಕೇಳಿದಳು. ಎತ್ತಿನ ವಿಷಯ ಹೇಳಹೊರಟವನು, ಉದ್ದವಾಗುತ್ತದೆಂದು ಬಿಟ್ಟು, ಮನೆದೇವರ ವಾರ ಎಂದೆ. ಓ ಹಾಗಾ ಎಂದು ಅವಳು ಡೆಡ್‌ಲೈನನ್ನು ಮಂಗಳವಾರಕ್ಕೆ ಬದಲಾಯಿಸಿಕೊಂಡಳು.